ಮಂಕಾದ ಹಳೆ ಕಾರಿನ ಬಣ್ಣಕ್ಕೆ ಕಡಿಮೆ ಖರ್ಚಿನಲ್ಲಿ ಹೊಳಪು: ನಮ್ಮ ವಿಜಯಪುರದ ಬಿಸಿಲಿಗೆ ಹೊಂದುವ ಸಮಗ್ರ ಮಾರ್ಗದರ್ಶಿ

ವಿಜಯಪುರದ ಬಿಸಿಲಲ್ಲಿ ಹತ್ತು-ಹದಿನೈದು ವರ್ಷ ನಿಂತ ಕಾರು ದೂರದಿಂದಲೇ ಗೊತ್ತಾಗುತ್ತದೆ. ಬಾಗಿಲುಗಳಲ್ಲಿ ಬಣ್ಣ ಇನ್ನೂ ಇರುತ್ತದೆ. ಬಾನೆಟ್, ಟಾಪ್, ಡಿಕ್ಕಿ ಮಾತ್ರ ಬಿಳಿಚಿಕೊಂಡಿರುತ್ತವೆ. ಗ್ಯಾರೇಜಿಗೆ ಒಯ್ದರೆ ಮೊದಲು ಬರುವ ಮಾತು ಹೆಚ್ಚಾಗಿ ಒಂದೇ: "ಫುಲ್ ಪೇಂಟ್ ಹೊಡಿಸಿಬಿಡ್ರಿ ಸರ್, ಹೊಸಾ ಗಾಡಿ ಆಗ್ತದ." ಆಮೇಲೆ ಮೂವತ್ತು ಸಾವಿರದಿಂದ ಶುರುವಾಗುವ ಲೆಕ್ಕ. ಗಾಡಿಯ ಬೆಲೆಯೇ ಒಂದೂವರೆ ಲಕ್ಷ ಇರುವಾಗ ಇದು ಸಣ್ಣ ಮಾತಲ್ಲ.

ಹೂಂ ಅನ್ನುವ ಮುಂಚೆ ಸ್ವಲ್ಪ ತಡೆಯಿರಿ. ಮಂಕಾದ ಬಣ್ಣ ಎಂದರೆ ಸತ್ತ ಬಣ್ಣ ಅಂತ ಅಲ್ಲ. ಎಷ್ಟೋ ಗಾಡಿಗಳಲ್ಲಿ ಹಾಳಾಗಿರುವುದು ಮೇಲಿನ ತೆಳು ಪದರ ಮಾತ್ರ. ಅದನ್ನು ತೆಗೆದರೆ ಕೆಳಗೆ ಕಂಪನಿಯ ಬಣ್ಣ ಇನ್ನೂ ಜೀವಂತ ಇರುತ್ತದೆ. ಎರಡು-ಎರಡೂವರೆ ಸಾವಿರ ರೂಪಾಯಿ ಸಾಮಾನು, ಒಂದು ವಾರಾಂತ್ಯದ ಕೈಕೆಲಸ, ಇಷ್ಟರಲ್ಲೇ ಮುಗಿಯುವ ಕೆಲಸ ಇದು.

ಕಂಪನಿ ಬಣ್ಣವನ್ನು ಉಳಿಸಿಕೊಳ್ಳಿ ಎಂದು ನಾನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕಾರ್ಖಾನೆಯಲ್ಲಿ ಇಡೀ ಬಾಡಿಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಹರಿಸಿ, ಮೂಲೆಮೂಲೆಗೂ ಅದು ಅಂಟುವ ಹಾಗೆ ಮಾಡಿರುತ್ತಾರೆ. ಮೇಲಿನ ಬಣ್ಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬೇಯಿಸಿರುತ್ತಾರೆ. ಗ್ಯಾರೇಜಿನಲ್ಲಿ ಅಷ್ಟು ಬಿಸಿ ಕೊಡಲು ಆಗುವುದಿಲ್ಲ. ವೈರು, ರಬ್ಬರು, ಪ್ಲಾಸ್ಟಿಕ್ಕು ಎಲ್ಲ ಗಾಡಿಯಲ್ಲೇ ಇರುತ್ತವೆ, ಹಾಳಾಗುತ್ತವೆ. ಬಣ್ಣ ಹೊಡೆಯುವ ದೊಡ್ಡ ಬೂತ್ ಇದ್ದವರು 60-80 ಡಿಗ್ರಿ ಕೊಡುತ್ತಾರೆ, ಸಣ್ಣವರು ಬಿಸಿಲಿಗೆ ಬಿಡುತ್ತಾರೆ. ಗಾಡಿ ಮಾರುವಾಗಲೂ ಗಿರಾಕಿ ಕೇಳುವ ಮೊದಲ ಪ್ರಶ್ನೆ "ಕಂಪನಿ ಪೇಂಟ್ ಐತೇನ್ರಿ?" ಅಂತಲೇ ಅಲ್ವಾ? ಪೂರ್ತಿ ಹೊಸ ಬಣ್ಣ ಕಂಡರೆ ಎಲ್ಲೋ ಗುದ್ದಿರಬೇಕು ಅಂತ ಅನುಮಾನ ಪಡುತ್ತಾರೆ.

ಬಣ್ಣ ಮಂಕಾಗುವುದು ಹೇಗೆ

ಕಾರಿನ ಬಣ್ಣದಲ್ಲಿ ಎರಡು ಮುಖ್ಯ ವಸ್ತು ಇರುತ್ತವೆ. ಒಂದು, ಬಣ್ಣದ ಪುಡಿ. ಇನ್ನೊಂದು, ಆ ಪುಡಿಯನ್ನು ಹಿಡಿದಿಡುವ ರೆಸಿನ್. ಬಿಸಿಲಿನ ಅತಿನೇರಳೆ ಕಿರಣ ಈ ರೆಸಿನ್ನನ್ನು ಒಡೆಯುತ್ತದೆ. ಗಾಳಿಯ ಆಮ್ಲಜನಕ ಅದಕ್ಕೆ ಕೈ ಜೋಡಿಸುತ್ತದೆ. ಹಿಡಿತ ತಪ್ಪಿದ ಪುಡಿ ಮೇಲೆ ಸಡಿಲವಾಗಿ ಕೂರುತ್ತದೆ. ಬಾನೆಟ್ ಮೇಲೆ ಬೆರಳು ಎಳೆದಾಗ ಕೈಗೆ ಹತ್ತುವ ಪುಡಿ ಅದೇ. ನೆತ್ತಿಯ ಬಿಸಿಲು ನೇರ ಬೀಳುವ ಜಾಗ ಮೊದಲು ಕೆಡುತ್ತದೆ, ಬಾಗಿಲು ನಿಧಾನ. ಬಣ್ಣಗಳಲ್ಲಿ ಕೆಂಪು ಎಲ್ಲಕ್ಕಿಂತ ಬೇಗ ಸೋಲುತ್ತದೆ.

ನಮ್ಮ ಕಡೆ ಇದಕ್ಕೆ ಇನ್ನೆರಡು ಕಾಟ ಸೇರುತ್ತವೆ. ಒಂದು, ಎರೆಮಣ್ಣಿನ ಧೂಳು. ಒಣ ಬಟ್ಟೆಯಿಂದ ಅದನ್ನು ಒರೆಸಿದಾಗಲೆಲ್ಲ ಬಣ್ಣದ ಮೇಲೆ ಸಾವಿರಾರು ಸಣ್ಣ ಗೀರು ಬೀಳುತ್ತವೆ. ಇನ್ನೊಂದು, ಬೋರಿನ ಗಡಸು ನೀರು. ತೊಳೆದು ಹಾಗೇ ಒಣಗಲು ಬಿಟ್ಟರೆ ಹನಿ ನಿಂತ ಕಡೆ ಸುಣ್ಣದ ಬಿಳಿ ಉಂಗುರ ಉಳಿಯುತ್ತದೆ. ಬಾಗಲಕೋಟೆ, ಮುಧೋಳ, ಜಮಖಂಡಿ ಕಡೆಯವರಿಗೆ ಕಬ್ಬು ನುರಿಸುವ ಕಾಲದಲ್ಲಿ ಬೂದಿಯೂ ಬಂದು ಕೂರುತ್ತದೆ. ಬೆಳಗಾವಿಯ ಕಷ್ಟ ಬೇರೆ. ಅಲ್ಲಿ ಮಳೆ ಜಾಸ್ತಿ, ಗೀರು ಬಿದ್ದ ಕಡೆ ತುಕ್ಕು ಬೇಗ ಹಿಡಿಯುತ್ತದೆ.

ಮೊದಲು ಗಾಡಿಯ ಪರೀಕ್ಷೆ

ಹೆಚ್ಚು ಖರ್ಚಿಲ್ಲದ ಮೂರು ಪರೀಕ್ಷೆ ಇವೆ. ಇವನ್ನು ಮಾಡದೆ ದೊಡ್ಡ ಖರ್ಚಿಗೆ ಕೈ ಹಾಕಬೇಡಿ.

ಬಾಗಿಲು ತೆರೆದು ಒಳಗಿನ ಚೌಕಟ್ಟು ನೋಡಿ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿ ನೋಡಿ. ಬಿಸಿಲು ತಾಗದ ಆ ಬಣ್ಣವೇ ನಿಮ್ಮ ಗಾಡಿಯ ಅಸಲಿ ಬಣ್ಣ. ನಿಮ್ಮ ಗುರಿ ಎಲ್ಲಿದೆ ಅಂತ ಅದು ತೋರಿಸುತ್ತದೆ.

ಎರಡನೆಯದು ನೀರಿನ ಪರೀಕ್ಷೆ. ಬಾನೆಟ್ ತೊಳೆದು, ಮೇಲೆ ಒಂದು ಚೊಂಬು ನೀರು ಹರಿಸಿ, ಒದ್ದೆ ಇರುವಾಗಲೇ ನೋಡಿ. ಒದ್ದೆ ಬಣ್ಣ ಗಾಢವಾಗಿ, ಚೆನ್ನಾಗಿ ಕಂಡರೆ ಸಂತೋಷಪಡಿ. ಪಾಲಿಶ್ ಮಾಡಿದ ಮೇಲೆ ಸುಮಾರಾಗಿ ಹಾಗೇ ಕಾಣುತ್ತದೆ. ನೀರು ಬಿದ್ದರೂ ಬಿಳಿ ಮಚ್ಚೆಗಳು ಹಾಗೇ ಉಳಿದರೆ, ಅಂಚುಗಳು ಹೊಟ್ಟಿನಂತೆ ಎದ್ದಿದ್ದರೆ, ಅಲ್ಲಿ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಸುಲಿದಿದೆ ಅಂತ ಅರ್ಥ. ಆ ಜಾಗವನ್ನು ಯಾವ ಪಾಲಿಶ್ಶೂ ಸರಿಮಾಡುವುದಿಲ್ಲ. ಅಂಗಡಿಯವರು ಏನೇ ಹೇಳಲಿ, ಆ ಡಬ್ಬಿಗೆ ದುಡ್ಡು ಕೊಡಬೇಡಿ. ಅದಕ್ಕೆ ಬೇರೆ ದಾರಿ ಕೆಳಗೆ ಹೇಳಿದ್ದೇನೆ.

ಮೂರನೆಯದು ಬಿಳಿ ಬಟ್ಟೆಯ ಪರೀಕ್ಷೆ. ಬಿಳಿ ಬನಿಯನ್ ಬಟ್ಟೆಗೆ (ಗಾಡಿಯೇ ಬಿಳಿಯದಾದರೆ ಕಪ್ಪು ಬಟ್ಟೆಗೆ) ಸ್ವಲ್ಪ ಪಾಲಿಶ್ ಹಚ್ಚಿ ಕಾಣದ ಮೂಲೆಯಲ್ಲಿ ಉಜ್ಜಿ. ಬಟ್ಟೆಗೆ ಗಾಡಿಯ ಬಣ್ಣ ಹತ್ತಿದರೆ ಅದು ಒಂದೇ ಪದರದ ಬಣ್ಣ, ಮೇಲೆ ಕ್ಲಿಯರ್ ಇಲ್ಲ. ಹಳೆ ಮಾರುತಿ 800, ಓಮ್ನಿಯಂಥ ಗಾಡಿಗಳ ಸಾದಾ ಬಿಳಿ, ಸಾದಾ ಕೆಂಪು ಬಣ್ಣಗಳಲ್ಲಿ ಇದು ಸಾಮಾನ್ಯ. ಬಟ್ಟೆಗೆ ಬರೀ ಕೊಳೆ ಬಂದರೆ ಮೇಲೆ ಕ್ಲಿಯರ್ ಕೋಟ್ ಇದೆ. ಮಿಣುಕುವ ಮೆಟಾಲಿಕ್ ಬಣ್ಣ ಆದರೆ ಕ್ಲಿಯರ್ ಇದ್ದೇ ಇರುತ್ತದೆ ಅಂತ ಇಟ್ಟುಕೊಳ್ಳಿ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಒಂದೇ ಪದರದ ಬಣ್ಣದಲ್ಲಿ ಸತ್ತ ಮೇಲ್ಭಾಗ ತೆಗೆದರೆ ಕೆಳಗೆ ಅದೇ ಬಣ್ಣ ಸಿಗುತ್ತದೆ. ಹಾಗಾಗಿ ಬದಲಾವಣೆ ಕಣ್ಣಿಗೆ ಹೊಡೆಯುವಷ್ಟು ಕಾಣುತ್ತದೆ. ಕ್ಲಿಯರ್ ಇರುವ ಗಾಡಿಯಲ್ಲಿ ನೀವು ಉಜ್ಜುವುದು ಆ ಪಾರದರ್ಶಕ ಪದರವನ್ನು ಮಾತ್ರ. ಅದರ ದಪ್ಪ ಸುಮಾರು 40-50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಅದನ್ನು ದಾಟಿ ಉಜ್ಜಿದರೆ ವಾಪಸ್ ಬರುವ ದಾರಿ ಇಲ್ಲ.

ಬೇಕಾಗುವ ಸಾಮಾನು

ಕಾರ್ ಶಾಂಪೂ, ಎರಡು ಬಕೀಟು, ನಾಲ್ಕೈದು ಒಳ್ಳೆ ಮೈಕ್ರೋಫೈಬರ್ ಬಟ್ಟೆ, ಒಂದು ಕ್ಲೇ ಬಾರ್ (ಕಚ್ಚಿಕೊಂಡ ಕೊಳೆ ಎತ್ತುವ ಜೇಡಿಯಂಥ ಮೆತ್ತನೆ ತುಂಡು), ರಬ್ಬಿಂಗ್ ಕಂಪೌಂಡ್ (ಒರಟು ಪಾಲಿಶ್), ನಯವಾದ ಪಾಲಿಶ್, ಹೊಳಪು ಕಾಯುವ ವ್ಯಾಕ್ಸ್ ಅಥವಾ ಸೀಲಂಟ್, ಕೈಗೆ ಎರಡು-ಮೂರು ಫೋಮ್ ಪ್ಯಾಡ್, ಮಾಸ್ಕಿಂಗ್ ಟೇಪ್. ಕಂಪೌಂಡ್, ವ್ಯಾಕ್ಸ್, ಕ್ಲೇ ಈ ಮೂರೂ ಸಣ್ಣ ಡಬ್ಬಿಯಲ್ಲಿ ತಲಾ ಸುಮಾರು ಮುನ್ನೂರರಿಂದ ಆರುನೂರು ರೂಪಾಯಿ ಒಳಗೆ ಸಿಗುತ್ತವೆ. ತ್ರೀಎಂ, ವೇವೆಕ್ಸ್, ಟರ್ಟಲ್ ವ್ಯಾಕ್ಸ್, ಮೆಗ್ವಾಯರ್ಸ್ ಇವೆಲ್ಲ ಆನ್‌ಲೈನಿನಲ್ಲೂ ಸಿಗುತ್ತವೆ, ಊರಿನ ಆಟೋ ಪೇಂಟ್ ಅಂಗಡಿಯಲ್ಲೂ ಒಂದೆರಡು ಇರುತ್ತವೆ. ಬ್ರ್ಯಾಂಡಿಗಿಂತ ಡಬ್ಬಿಯ ಮೇಲೆ ಏನು ಬರೆದಿದೆ ಅನ್ನುವುದು ಮುಖ್ಯ. 'ಹೆವಿ ಕಟ್' ಅಂದರೆ ಒರಟು, 'ಫೈನ್' ಅಥವಾ 'ಫಿನಿಶಿಂಗ್' ಅಂದರೆ ನಯ. ಯಾವಾಗಲೂ ನಯವಾದದ್ದರಿಂದ ಶುರುಮಾಡಿ.

ದುಡ್ಡು ಉಳಿಸಬೇಕಾದರೆ ಬೇರೆ ಎಲ್ಲಾದರೂ ಉಳಿಸಿ, ಬಟ್ಟೆಯಲ್ಲಿ ಬೇಡ. ಹಳೆ ಪಂಚೆ, ಸೀರೆ ತುಂಡು, ಸ್ಪಂಜು ಇವು ಇದಕ್ಕೆ ಆಗುವುದಿಲ್ಲ. ಗುಂಡಿ, ಹೊಲಿಗೆ, ಸಿಕ್ಕಿಕೊಂಡ ಮರಳು ಎಲ್ಲವೂ ಗೀರು ಹಾಕುತ್ತವೆ. ಕೆಳಗೆ ಬಿದ್ದ ಬಟ್ಟೆಯನ್ನು ಒಗೆಯುವ ತನಕ ಮತ್ತೆ ಗಾಡಿಗೆ ಮುಟ್ಟಿಸಬೇಡಿ.

ತೊಳೆಯುವುದು

ಬೆಳಿಗ್ಗೆ ಬೇಗ, ನೆರಳಲ್ಲಿ, ಬಾಡಿ ತಣ್ಣಗೆ ಇರುವಾಗ ಶುರುಮಾಡಿ. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಂತ ಬಾನೆಟ್ ಮೇಲೆ ಅಂಗೈ ಇಡಲೂ ಆಗುವುದಿಲ್ಲ. ಅಂಥ ಕಡೆ ಶಾಂಪೂ ಆಗಲಿ ಕಂಪೌಂಡ್ ಆಗಲಿ ಹಚ್ಚಿದ ತಕ್ಷಣ ಒಣಗಿ ಕಲೆಯಾಗುತ್ತದೆ. ಈ ಇಡೀ ಕೆಲಸಕ್ಕೆ ನವೆಂಬರಿನಿಂದ ಫೆಬ್ರವರಿ ತನಕದ ಕಾಲ ಒಳ್ಳೆಯದು. ಜೂನ್-ಜುಲೈಯಲ್ಲಿ ಮಳೆ ಕಡಿಮೆ ಇದ್ದರೂ ಗಾಳಿ ಧೂಳು ತಂದು ಹಾಕುತ್ತದೆ.

ಮೊದಲು ಬರೀ ನೀರು ಹೊಡೆದು ಧೂಳು, ರಾಡಿ ಇಳಿಸಿ. ಕೈ ಹಚ್ಚುವುದು ಆಮೇಲೆ. ಒಂದು ಬಕೀಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಒಂದು ಸಲ ಎಳೆದ ಮೇಲೆ ಬರೀ ನೀರಲ್ಲಿ ಜಾಲಿಸಿ, ಆಮೇಲೆ ಶಾಂಪೂ ಬಕೀಟಿಗೆ ಅದ್ದಿ. ಮೇಲಿನಿಂದ ಕೆಳಕ್ಕೆ ಬನ್ನಿ, ಚಕ್ರದ ಸುತ್ತ ಕೊನೆಗೆ. ಈ ಮೊದಲ ತೊಳೆತಕ್ಕೆ ಹಳೆ ವ್ಯಾಕ್ಸ್ ಹೋಗಲಿ ಅಂತ ಸ್ವಲ್ಪ ಪಾತ್ರೆ ತೊಳೆಯುವ ದ್ರವ ಬಳಸಿದರೂ ನಡೆಯುತ್ತದೆ, ಆದರೆ ಈ ಒಂದೇ ಸಲ. ಬಟ್ಟೆ ಸೋಪಿನ ಪುಡಿ ಬೇಡವೇ ಬೇಡ.

ಕೊನೆಯ ನೀರು ಸಾಧ್ಯವಾದರೆ ಕೃಷ್ಣಾ ಹೊಳೆಯ ನಲ್ಲಿ ನೀರಾಗಿರಲಿ. ಬೋರಿನ ನೀರೇ ಗತಿ ಅಂದರೆ ಒಣಗುವ ಮುಂಚೆ ಒರೆಸಿಬಿಡಿ. ಹಳೆಯ ಸುಣ್ಣದ ಕಲೆಗಳಿದ್ದರೆ ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಸೇರಿಸಿ ಬಟ್ಟೆ ನೆನೆಸಿ, ಕಲೆಯ ಮೇಲೆ ಒಂದೆರಡು ನಿಮಿಷ ಇಟ್ಟು, ಚೆನ್ನಾಗಿ ನೀರು ಹಾಕಿ ತೊಳೆಯಿರಿ.

ತೊಳೆದ ಮೇಲೆ ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಾನೆಟ್ ಮೇಲೆ ಸವರಿ. ಬರಿಗೈಗೆ ಗೊತ್ತಾಗದ ತರಿತರಿ ಆಗ ಗೊತ್ತಾಗುತ್ತದೆ. ಅದು ಬಣ್ಣಕ್ಕೆ ಕಚ್ಚಿಕೊಂಡ ಕೊಳೆ: ಬ್ರೇಕಿನ ಕಬ್ಬಿಣದ ಪುಡಿ, ಮರದ ಅಂಟು, ಡಾಂಬರಿನ ಚುಕ್ಕೆ. ಇದನ್ನು ಹಾಗೇ ಬಿಟ್ಟು ಕಂಪೌಂಡ್ ಉಜ್ಜಿದರೆ ಆ ಕೊಳೆಯನ್ನೇ ಬಣ್ಣದ ಮೇಲೆ ತಿರುಗಿಸಿದ ಹಾಗೆ ಆಗುತ್ತದೆ. ಡಾಂಬರಿದ್ದರೆ ಒಂದು ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಚ್ಚಿ ಆ ಚುಕ್ಕೆಯಷ್ಟೇ ಒರೆಸಿ ತಕ್ಷಣ ತೊಳೆಯಿರಿ. ಉಳಿದದ್ದಕ್ಕೆ ಕ್ಲೇ ಬಾರ್. ಒಂದು ತುಂಡು ಮುರಿದು ಅಂಗೈಯಲ್ಲಿ ಚಪ್ಪಟೆ ಮಾಡಿ, ಶಾಂಪೂ ನೀರು ಧಾರಾಳವಾಗಿ ಚಿಮುಕಿಸಿ, ಒತ್ತದೆ ಹಿಂದೆ ಮುಂದೆ ಜಾರಿಸಿ. ತರಿತರಿ ನಿಂತು ನಯವಾದಾಗ ಮುಂದಿನ ಜಾಗಕ್ಕೆ ಹೋಗಿ. ಕ್ಲೇಯನ್ನು ಆಗಾಗ ಮಡಚಿ ಹೊಸ ಮುಖ ತನ್ನಿ. ನೆಲಕ್ಕೆ ಬಿದ್ದರೆ ಎಸೆದುಬಿಡಿ.

ಒಂದು ಅಡಿ ಜಾಗದಲ್ಲಿ ನೋಡಿ

ಇಡೀ ಗಾಡಿಗೆ ಕೈ ಹಾಕುವ ಮುಂಚೆ ಬಾನೆಟ್ ಮೇಲೆ ಒಂದು ಅಡಿ ಚೌಕ ಗುರುತಿಸಿ ಸುತ್ತ ಟೇಪ್ ಅಂಟಿಸಿ. ರಬ್ಬರ್ ಬೀಡಿಂಗ್, ಕಪ್ಪು ಪ್ಲಾಸ್ಟಿಕ್, ಬಾನೆಟ್ಟಿನ ಚೂಪು ಅಂಚುಗಳ ಮೇಲೂ ಟೇಪ್ ಹಾಕಿ. ಅಂಚುಗಳಲ್ಲಿ ಬಣ್ಣ ತೆಳುವಾಗಿರುತ್ತದೆ, ಅಲ್ಲೇ ಮೊದಲು ಕಿತ್ತು ಬರುತ್ತದೆ.

ಫೋಮ್ ಪ್ಯಾಡ್ ಸ್ವಲ್ಪ ಒದ್ದೆ ಮಾಡಿ ಹಿಂಡಿ. ನಯವಾದ ಪಾಲಿಶ್ಶನ್ನು ಕಡಲೆ ಕಾಳಿನಷ್ಟು ನಾಲ್ಕು ಹನಿ ಹಾಕಿ. ಮೊದಲು ಒತ್ತದೆ ಹರಡಿ. ಆಮೇಲೆ ಹದವಾಗಿ ಒತ್ತಿ, ಉದ್ದಕ್ಕೆ ಎಳೆಯಿರಿ, ಮುಗಿದ ಮೇಲೆ ಅಡ್ಡಕ್ಕೆ ಎಳೆಯಿರಿ. ಗುಂಡಗೆ ತಿರುಗಿಸಿ ಉಜ್ಜುವುದು ಎಲ್ಲರ ರೂಢಿ, ಆದರೆ ಬಿಸಿಲಲ್ಲಿ ಬಲೆಯ ಹಾಗೆ ಕಾಣುವ ಗೀರುಗಳು ಅದರಿಂದಲೂ ಬರಬಹುದು. ಪಾಲಿಶ್ ತೆಳುವಾಗಿ, ಹೆಚ್ಚುಕಮ್ಮಿ ಪಾರದರ್ಶಕ ಆದಾಗ ನಿಲ್ಲಿಸಿ. ಹೊಸ ಮೈಕ್ರೋಫೈಬರಿನಿಂದ ಒರೆಸಿ.

ಒಂದೇ ಪದರದ ಕೆಂಪು ಗಾಡಿಯಲ್ಲಿ ಈ ಹಂತ ನೋಡಲೇಬೇಕು. ಮೊದಲ ಎಳೆತಕ್ಕೇ ಪ್ಯಾಡ್ ಕೆಂಪಾಗುತ್ತದೆ. ಎರಡನೆಯ ಸುತ್ತಿಗೆ ಬೆರಳಿನ ಸಂದಿಯೂ ಕೆಂಪು. ಒರೆಸಿ ಟೇಪ್ ಕಿತ್ತಾಗ ಗೆರೆಯ ಈ ಕಡೆ ಗಾಢ ಕೆಂಪು, ಆ ಕಡೆ ಮಾಸಿದ ಗುಲಾಬಿ. ಬಾಗಿಲಿನ ಒಳಚೌಕಟ್ಟಿನ ಬಣ್ಣಕ್ಕೆ ಹೋಲಿಸಿ ನೋಡಿ, ಎಷ್ಟು ಹತ್ತಿರ ಬಂತು ಅಂತ ಅಲ್ಲೇ ಗೊತ್ತಾಗುತ್ತದೆ. ಮನೆಯವರನ್ನು ಕರೆದು ತೋರಿಸಿ, ಫುಲ್ ಪೇಂಟಿನ ಮಾತು ಅಲ್ಲೇ ನಿಲ್ಲುತ್ತದೆ.

ಪ್ಯಾಡಿಗೆ ಬಣ್ಣ ಹತ್ತಿದ್ದಕ್ಕೆ ಗಾಬರಿ ಬೇಡ, ಅದು ಸತ್ತ ಬಣ್ಣ. ಆದರೆ ಮೆಟಾಲಿಕ್ ಅಥವಾ ಕ್ಲಿಯರ್ ಇರುವ ಗಾಡಿಯಲ್ಲಿ ಪ್ಯಾಡಿಗೆ ಬಣ್ಣ ಬಂದರೆ ಆ ಕ್ಷಣವೇ ನಿಲ್ಲಿಸಿ. ಕ್ಲಿಯರ್ ಮುಗಿದಿದೆ ಅಂತ ಅರ್ಥ.

ನಯವಾದ ಪಾಲಿಶ್ಶಿಗೆ ಸಾಕಷ್ಟು ಫಲ ಸಿಕ್ಕರೆ ಇಡೀ ಗಾಡಿಗೆ ಅದನ್ನೇ ಬಳಸಿ. ಸಿಗದಿದ್ದರೆ ಅದೇ ಚೌಕದಲ್ಲಿ ಕಂಪೌಂಡ್ ಹಾಕಿ ನೋಡಿ. ಕಂಪೌಂಡ್ ಬಳಸಿದ ಕಡೆಯಲ್ಲೆಲ್ಲ ಮತ್ತೆ ನಯವಾದ ಪಾಲಿಶ್ ಹೊಡೆಯಲೇಬೇಕು. ಇಲ್ಲದಿದ್ದರೆ ಹೊಳಪಿನ ಮೇಲೆ ಮಬ್ಬು ಉಳಿಯುತ್ತದೆ.

ಕೈಯಿಂದಲೋ, ಮಷಿನ್ನಿಂದಲೋ

ಸಣ್ಣ ಗಾಡಿ, ಒಂದೇ ಪದರದ ಬಣ್ಣ ಆದರೆ ಕೈಯೇ ಸಾಕು. ಎರಡು ಅಡಿ ಚೌಕಕ್ಕಿಂತ ದೊಡ್ಡ ಜಾಗ ಒಂದೇ ಸಲ ತೆಗೆದುಕೊಳ್ಳಬೇಡಿ. ಬಾನೆಟ್, ಟಾಪ್, ಡಿಕ್ಕಿ ಮೊದಲ ದಿನ ಮುಗಿಸಿ, ಬದಿಗಳನ್ನು ಮಾರನೇ ದಿನ ಇಟ್ಟುಕೊಳ್ಳಿ. ಭುಜ ನೋಯುತ್ತದೆ, ಅದಕ್ಕೆ ಉಪಾಯ ಇಲ್ಲ.

ಬಣ್ಣ ತೀರಾ ಒಣಗಿ ಪುಡಿಪುಡಿಯಾಗಿದ್ದರೆ ಇನ್ನೊಂದು ಹಳೆ ವಿಧಾನ ಇದೆ. ಎಣ್ಣೆಯಂಶ ಜಾಸ್ತಿ ಇರುವ ಗ್ಲೇಜ್ ಎಂಬ ಪಾಲಿಶ್ ದಪ್ಪಗೆ ಹಚ್ಚಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಒರೆಸುವುದು. ಒಂದೇ ಪದರದ ಹಳೆ ಬಣ್ಣ ಆ ಎಣ್ಣೆ ಹೀರಿಕೊಂಡು ಗಾಢವಾಗುತ್ತದೆ. ಆಮೇಲೆ ಪಾಲಿಶ್ ಕಡಿಮೆ ಸಾಕಾಗುತ್ತದೆ. ಕ್ಲಿಯರ್ ಇರುವ ಗಾಡಿಗೆ ಇದರಿಂದ ಪ್ರಯೋಜನ ಇಲ್ಲ.

ಮಷಿನ್ನಿನಲ್ಲಿ ಎರಡು ಜಾತಿ. ರೋಟರಿ ಒಂದೇ ಕಡೆ ಗರಗರ ತಿರುಗುತ್ತದೆ. ಅಗ್ಗ, ಕೆಲಸ ಬೇಗ, ಆದರೆ ಒಂದೇ ಜಾಗದಲ್ಲಿ ನಿಲ್ಲಿಸಿದರೆ ಬಣ್ಣ ಸುಟ್ಟುಹೋಗುತ್ತದೆ. ಹೊಸಬರ ಕೈಗೆ ಅದು ಬೇಡ. ಡಿಎ (ಡ್ಯುಯಲ್ ಆಕ್ಷನ್) ಪಾಲಿಶರ್ ತಿರುಗುತ್ತಲೇ ಅಲುಗಾಡುತ್ತದೆ, ಬಿಸಿ ಕಡಿಮೆ, ಬಲೆಗೀರೂ ಕಡಿಮೆ. ಬೆಲೆ ಜಾಸ್ತಿ. ಮೂರ್ನಾಲ್ಕು ಗೆಳೆಯರು ಸೇರಿ ಒಂದು ತೆಗೆದುಕೊಂಡರೆ ಎಲ್ಲರ ಗಾಡಿಗೂ ಆಗುತ್ತದೆ. ಹಚ್ಚುವಾಗ ಒಂದನೇ ಸ್ಪೀಡ್, ಉಜ್ಜುವಾಗ ನಾಲ್ಕು-ಐದು. ಪ್ಯಾಡ್ ಚಪ್ಪಟೆಯಾಗಿ ಕೂತಿರಲಿ, ಮಷಿನ್ನಿನ ಭಾರವೇ ಹೆಚ್ಚುಕಮ್ಮಿ ಸಾಕು, ನಿಧಾನವಾಗಿ ಸರಿಸಿ. ಆಗಾಗ ಬಾಡಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಹಿಂದಕ್ಕೆ ಬಂದರೆ ತಣಿಯಲು ಬಿಡಿ. ಪ್ಲಾಸ್ಟಿಕ್ ಬಂಪರ್ ಬಿಸಿಯನ್ನು ಹೊರಗೆ ಬಿಡುವುದಿಲ್ಲ, ಅದನ್ನು ಕೈಯಿಂದಲೇ ಮಾಡುವುದು ಕ್ಷೇಮ.

ವಾಟರ್ ಪೇಪರ್, ಅಂದರೆ ಒದ್ದೆ ಮಾಡಿ ಉಜ್ಜುವ ಮರಳು ಕಾಗದದ ಬಗ್ಗೆ ಒಂದು ಮಾತು. ಪೇಂಟರ್‌ಗಳು 2000 ನಂಬರ್ ಪೇಪರ್ ನೀರಲ್ಲಿ ನೆನೆಸಿ ಉಜ್ಜಿ, ಆಮೇಲೆ 3000 ಹಾಕಿ, ಕಂಪೌಂಡಿನಿಂದ ಹೊಳಪು ತರುತ್ತಾರೆ. ದಪ್ಪವಾಗಿ ಉಳಿದ ಒಂದೇ ಪದರದ ಬಣ್ಣಕ್ಕೆ ಇದು ಸರಿ. ಹಳೆ ಗಾಡಿಯ ಕ್ಲಿಯರ್ ಮೇಲೆ ಇಡೀ ಬಾನೆಟ್ಟಿಗೆ ಪೇಪರ್ ಹೊಡೆಯುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಆ ದಿನ ಕನ್ನಡಿಯಂತೆ ಹೊಳೆಯುತ್ತದೆ. ಆದರೆ ಕ್ಲಿಯರ್ ತೆಳುವಾದಷ್ಟೂ ಬಿಸಿಲು ಬೇಗ ಒಳಗಿಳಿಯುತ್ತದೆ, ಒಂದೆರಡು ಬೇಸಿಗೆಯಲ್ಲಿ ಸುಲಿಯಲು ಶುರುವಾಗಬಹುದು.

ಮುಚ್ಚದೆ ಬಿಡಬೇಡಿ

ಪಾಲಿಶ್ ಮಾಡಿದ ಬಣ್ಣ ಬರಿಮೈಯಲ್ಲಿರುತ್ತದೆ. ಅದರ ಮೇಲೆ ಅದೇ ದಿನ ವ್ಯಾಕ್ಸ್ ಅಥವಾ ಸೀಲಂಟ್ ಹೋಗಬೇಕು. ಇಲ್ಲದಿದ್ದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಗತಿ. ಕಾರ್ನೌಬಾ (ಒಂದು ಜಾತಿಯ ತಾಳೆ ಎಲೆಯ ಮೇಣದ) ವ್ಯಾಕ್ಸ್ ಚೆಂದದ ಹೊಳಪು ಕೊಡುತ್ತದೆ, ಆದರೆ ನಮ್ಮ ಬಿಸಿಲಿಗೆ ಒಂದೆರಡು ತಿಂಗಳು ಬಾಳಿದರೆ ಹೆಚ್ಚು. ಸಿಂಥೆಟಿಕ್ ಸೀಲಂಟ್ ಅದಕ್ಕಿಂತ ಜಾಸ್ತಿ ದಿನ ತಡೆಯುತ್ತದೆ. ಹೊರಗೇ ನಿಲ್ಲುವ ಗಾಡಿಗೆ ನನ್ನ ಆಯ್ಕೆ ಸೀಲಂಟ್.

ಎಷ್ಟು ತೆಳುವಾಗಿ ಹಚ್ಚಿದರೆ ಅಷ್ಟು ಒಳ್ಳೆಯದು. ದಪ್ಪ ಹಚ್ಚಿದರೆ ಒರೆಸುವುದಷ್ಟೇ ಕಷ್ಟ, ಲಾಭ ಏನೂ ಇಲ್ಲ. ಬೆರಳಿಂದ ಗೀರಿದರೆ ಗೆರೆ ಸ್ಪಷ್ಟವಾಗಿ ಮೂಡಿದಾಗ ಒಣಗಿದೆ ಅಂತ ತಿಳಿದು ಒರೆಸಿ.

ಸಿರಾಮಿಕ್ ಕೋಟಿಂಗ್ ಅಂತ ಈಗ ಎಲ್ಲ ಕಡೆ ಬೋರ್ಡ್ ಇವೆ. ಅದು ಹೊಳಪನ್ನು ಕಾಪಾಡುತ್ತದೆ, ಸತ್ತ ಬಣ್ಣಕ್ಕೆ ಜೀವ ತರುವುದಿಲ್ಲ. ಮಂಕಾದ ಗಾಡಿಯ ಮೇಲೆ ಅದನ್ನು ಹಾಕಿದರೆ ಮಂಕನ್ನೇ ಭದ್ರವಾಗಿ ಮುಚ್ಚಿಟ್ಟ ಹಾಗೆ. ಹಳೆ ಗಾಡಿಗೆ ಅಷ್ಟು ಖರ್ಚು ಬೇಕಾಗಿಲ್ಲ.

ಡೀಸೆಲ್ ಹಚ್ಚಿ ಒರೆಸುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ನೋಡಿದರೆ ಗಾಡಿ ಮಿರಿಮಿರಿ ಅನ್ನುತ್ತದೆ. ಸಂಜೆ ಹೊತ್ತಿಗೆ ಆ ಜಿಡ್ಡಿಗೆ ಊರಿನ ಧೂಳೆಲ್ಲ ಅಂಟಿರುತ್ತದೆ, ಮಾರನೇ ದಿನ ಅದನ್ನೇ ಉಜ್ಜಿ ಗೀರು. ರಬ್ಬರ್ ಬೀಡಿಂಗೂ ಉಬ್ಬುತ್ತದೆ. ಕೊಬ್ಬರಿ ಎಣ್ಣೆ, ಟೂತ್‌ಪೇಸ್ಟ್ ಇವೂ ಅಷ್ಟೇ, ಎರಡು ದಿನದ ಆಟ.

ಕ್ಲಿಯರ್ ಸುಲಿದಿದ್ದರೆ

ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕೆಂದರೆ ಆ ಭಾಗಕ್ಕೆ ಹೊಸ ಬಣ್ಣವೇ ಬೇಕು. ಆದರೆ ಆ ಭಾಗಕ್ಕಷ್ಟೇ. ಬಾನೆಟ್ ಮತ್ತು ಟಾಪ್ ಸುಲಿದಿವೆ ಅಂತ ನಾಲ್ಕು ಒಳ್ಳೆ ಬಾಗಿಲುಗಳಿಗೂ ಬಣ್ಣ ಹೊಡೆಸುವ ಅಗತ್ಯ ಇಲ್ಲ. ಒಂದು ಪ್ಯಾನಲ್ಲಿಗೆ ಸುಮಾರು ಎರಡೂವರೆಯಿಂದ ನಾಲ್ಕು ಸಾವಿರ ಅಂತ ಲೆಕ್ಕ ಇಟ್ಟುಕೊಳ್ಳಿ, ಟಾಪಿಗೆ ಇನ್ನೂ ಸ್ವಲ್ಪ ಜಾಸ್ತಿ.

ಇಲ್ಲಿ ಕೆಲಸದ ಕ್ರಮ ಬಹಳ ಮುಖ್ಯ. ಮೊದಲು ಉಳಿದ ಗಾಡಿಯನ್ನೆಲ್ಲ ಪಾಲಿಶ್ ಮಾಡಿ ಮುಗಿಸಿ. ಆಮೇಲೆ ಪೇಂಟರ್ ಹತ್ತಿರ ಹೋಗಿ. ಮಾಸಿದ ಬಾಗಿಲಿಗೆ ಹೊಂದಿಸಿ ಬಾನೆಟ್ಟಿಗೆ ಬಣ್ಣ ಹೊಡೆದು, ಆಮೇಲೆ ಬಾಗಿಲು ಪಾಲಿಶ್ ಮಾಡಿದರೆ ಎರಡೂ ಬೇರೆ ಬೇರೆ ಕಾಣುತ್ತವೆ. ಬಣ್ಣದ ಕೋಡ್ ಎಂಜಿನ್ ರೂಮಿನ ಪ್ಲೇಟಿನಲ್ಲೋ ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರಿನಲ್ಲೋ ಇರುತ್ತದೆ. ಕೋಡಿನ ಜೊತೆಗೆ, ಪಾಲಿಶ್ ಮಾಡಿದ ಪೆಟ್ರೋಲ್ ಮುಚ್ಚಳವನ್ನೂ ಬಿಚ್ಚಿ ಪೇಂಟ್ ಅಂಗಡಿಗೆ ಒಯ್ಯಿರಿ. ಅದರ ಮೇಲೆ ಹಚ್ಚಿ ಹೊಂದಿಸಿದರೆ ಹತ್ತು ವರ್ಷದ ಬಣ್ಣಕ್ಕೂ ಜೋಡಿ ಸಿಗುತ್ತದೆ.

ಪೇಂಟರಿಗೆ ಎರಡು ಪ್ರಶ್ನೆ ಕೇಳಿ. "ಡುಕೋ ಹೊಡೀತೀರೋ, ಪಿಯು ಹೊಡೀತೀರೋ ಅಣ್ಣಾ?" ಡುಕೋ, ಅಂದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ, ಅಗ್ಗ ಮತ್ತು ಬೇಗ ಒಣಗುತ್ತದೆ, ಆದರೆ ಈ ಬಿಸಿಲಿಗೆ ಬೇಗ ಮಂಕಾಗುತ್ತದೆ. ಬಣ್ಣವನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಸೇರಿಸುವ ಪಿಯು (ಪಾಲಿಯುರೆಥೇನ್) ಬಣ್ಣ, ಪಿಯು ಕ್ಲಿಯರ್ ಬೇಕು. ಎರಡನೇ ಪ್ರಶ್ನೆ, ಹಳೆ ಸುಲಿದ ಕ್ಲಿಯರನ್ನು ಪೂರ್ತಿ ಉಜ್ಜಿ ತೆಗೆಯುತ್ತೀರಾ ಅಂತ. ಅದರ ಮೇಲೆಯೇ ಹೊಡೆದರೆ ಹೊಸದೂ ಅದರ ಜೊತೆ ಎದ್ದು ಬರುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಬೆಳಗಾವಿ ಕಡೆ, ತೆರೆದ ಶೆಡ್ಡಿನಲ್ಲಿ ಬಣ್ಣ ಹೊಡೆಸಬೇಡಿ. ಗಾಳಿಯ ತೇವಕ್ಕೆ ಬಣ್ಣದ ಮೇಲೆ ಬಿಳಿ ಮಬ್ಬು ಕೂರುತ್ತದೆ.

ಸ್ಪ್ರೇ ಡಬ್ಬಿಯಿಂದ ಮನೆಯಲ್ಲೇ ಮಾಡುತ್ತೇನೆ ಅನ್ನುವವರು ಸಣ್ಣ ಜಾಗಕ್ಕೆ ಮಾಡಬಹುದು. ಸಾದಾ ಡಬ್ಬಿಯ ಕ್ಲಿಯರ್ ಕೋಟ್ ಮೇಲೆ ಪೆಟ್ರೋಲ್ ಹನಿ ಬಿದ್ದರೂ ಅದು ಕರಗುತ್ತದೆ. ಹಾರ್ಡ್‌ನರ್ ಇರುವ ಡಬ್ಬಿ ಗಟ್ಟಿ, ಆದರೆ ಅದರ ಹಬೆಯಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಶ್ವಾಸಕೋಶಕ್ಕೆ ಅಪಾಯ. ಬಟ್ಟೆಯ ಮಾಸ್ಕ್ ಅದಕ್ಕೆ ಸಾಲದು. ಮಕ್ಕಳಿರುವ ಮನೆಯ ಅಂಗಳದಲ್ಲಿ ಅದನ್ನು ಮಾಡಲೇಬೇಡಿ.

ಟಾಪಿಗೆ, ಅಂಟುವ ಪ್ಲಾಸ್ಟಿಕ್ ಹಾಳೆಯಾದ ಕಪ್ಪು ವಿನೈಲ್ ರ‍್ಯಾಪ್ ಅಂಟಿಸುವುದು ಇನ್ನೊಂದು ದಾರಿ. ಸುಲಿದ ಅಂಚುಗಳನ್ನು ಉಜ್ಜಿ ಸಮ ಮಾಡಿದ ಮೇಲಷ್ಟೇ ಅದು ಚೆನ್ನಾಗಿ ಕೂರುತ್ತದೆ. ಇಡೀ ಗಾಡಿಯ ಬಣ್ಣವೇ ಬದಲಾಯಿಸುವ ಆಸೆ ಇದ್ದರೆ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಒಪ್ಪಿಗೆ ಪಡೆಯಿರಿ. ಗಾಡಿಯ ಬಣ್ಣ ಆರ್‌ಸಿಯಲ್ಲಿ ನಮೂದಾಗಿರುತ್ತದೆ. ಅದೇ ಬಣ್ಣವನ್ನೇ ಮತ್ತೆ ಹೊಡೆಸಿದರೆ ಆ ತಾಪತ್ರಯ ಇಲ್ಲ.

ತುಕ್ಕು, ಗೀರು, ಹೆಡ್‌ಲೈಟ್

ಉಗುರು ಸಿಕ್ಕಿಕೊಳ್ಳದ ಗೀರು ಪಾಲಿಶ್ಶಿಗೆ ಹೋಗುತ್ತದೆ. ಉಗುರು ಸಿಕ್ಕಿಕೊಂಡರೆ ಟಚ್‌ಅಪ್ ಪೆನ್ ಬೇಕು. ತಗಡು ಕಂಡು ತುಕ್ಕು ಹಿಡಿದಿದ್ದರೆ ಹೊಳಪಿನ ಮಾತು ಪಕ್ಕಕ್ಕಿಟ್ಟು ಮೊದಲು ಅದನ್ನು ನೋಡಿ. ತುಕ್ಕನ್ನು ಬೆಳ್ಳಗಿನ ತಗಡು ಕಾಣುವ ತನಕ ಪೇಪರಿನಿಂದ ಉಜ್ಜಿ, ಎಪಾಕ್ಸಿ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಬಣ್ಣ. ತುಕ್ಕಿನ ಮೇಲೆಯೇ ಪುಟ್ಟಿ ತುಂಬಿದರೆ ಒಳಗೊಳಗೇ ತಿನ್ನುತ್ತದೆ.

ಹಳದಿಯಾದ ಹೆಡ್‌ಲೈಟ್ ಗಾಡಿಯನ್ನು ಬಣ್ಣಕ್ಕಿಂತ ಹೆಚ್ಚು ಮುದಿಯಾಗಿ ತೋರಿಸುತ್ತದೆ, ರಾತ್ರಿ ಬೆಳಕೂ ಕಡಿಮೆ. ಸುತ್ತ ಟೇಪ್ ಹಾಕಿ 1000, 2000, 3000 ನಂಬರ್ ವಾಟರ್ ಪೇಪರ್ ಒಂದರ ನಂತರ ಒಂದು, ಆಮೇಲೆ ಕಂಪೌಂಡ್. ಕೊನೆಗೆ ಅತಿನೇರಳೆ ಕಿರಣ ತಡೆಯುವ ಕೋಟಿಂಗ್ ಹಾಕಲೇಬೇಕು, ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಬೆಳ್ಳಗಾದ ಕಪ್ಪು ಪ್ಲಾಸ್ಟಿಕ್ಕಿಗೆ ಕಪ್ಪು ಮರಳಿ ತರುವ ಟ್ರಿಮ್ ರಿಸ್ಟೋರರ್ ಹಚ್ಚಿ.

ಹೊರಗೆ ಮಾಡಿಸುವುದಾದರೆ

ಸಮಯ ಇಲ್ಲದವರು ವಾಷಿಂಗ್ ಸೆಂಟರಿನಲ್ಲಿ ರಬ್ಬಿಂಗ್-ಪಾಲಿಶ್ ಮಾಡಿಸಬಹುದು. ಸಣ್ಣ ಗಾಡಿಗೆ ಒಂದೂವರೆ-ಎರಡೂವರೆ ಸಾವಿರ ಆಸುಪಾಸು. ಹತ್ತಿರ ನಿಂತು ನೋಡಿ. ಕ್ಲೇ ಮಾಡದೆ ನೇರ ಮಷಿನ್ ಹಚ್ಚಿದರೆ ತಡೆಯಿರಿ. ಹಿಂದಿನ ಗಾಡಿಗೆ ಬಳಸಿದ ಕೊಳಕು ಉಣ್ಣೆ ಪ್ಯಾಡ್ ಇದ್ದರೆ ಬೇರೆ ಹಾಕಿಸಿ. ಅಂಚುಗಳಿಗೆ ಟೇಪ್ ಕೇಳಿ. ಕೆಲವು ಕಡೆ ಗೀರು ತೆಗೆಯುವ ಬದಲು ಗೀರು ತುಂಬುವ ಎಣ್ಣೆ ಪಾಲಿಶ್ ಹಚ್ಚಿ ಕಳಿಸುತ್ತಾರೆ, ಎರಡು ತೊಳೆತಕ್ಕೆ ಎಲ್ಲ ವಾಪಸ್. ಇದನ್ನು ಹಿಡಿಯುವುದು ಸುಲಭ. ಐಸೋಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಸೇರಿಸಿ ಒಂದು ಕಡೆ ಒರೆಸಿ ನೋಡಿ. ಎಣ್ಣೆ ಹೋಗಿ ಗೀರು ಮತ್ತೆ ಕಂಡರೆ ಕೆಲಸ ಆಗಿಲ್ಲ. ದುಡ್ಡು ಕೊಡುವ ಮುಂಚೆಯೇ ಇದನ್ನು ಮಾಡಿ.

ಆಮೇಲಿನ ಆರೈಕೆ

ಒಣ ಬಟ್ಟೆಯಿಂದ ಧೂಳು ಜಾಡಿಸುವುದನ್ನು ಇಂದೇ ಬಿಡಿ. ಬೆಳಿಗ್ಗೆ ಗಾಡಿ ಒರೆಸಲು ಬರುವ ಹುಡುಗನಿಗೂ ಹೇಳಿ, ನೀರಿಲ್ಲದೆ ಬಟ್ಟೆ ಮುಟ್ಟಿಸಬೇಡ ಅಂತ. ಬೂದಿ ಬಿದ್ದ ದಿನವಂತೂ ಮೊದಲು ನೀರು, ಆಮೇಲೆ ಕೈ. ಹಕ್ಕಿ ಹಿಕ್ಕೆ ಕಂಡ ಕೂಡಲೇ ಒದ್ದೆ ಬಟ್ಟೆ ಅದರ ಮೇಲೆ ಇಟ್ಟು ನೆನೆಸಿ ಎತ್ತಿ, ಉಜ್ಜಬೇಡಿ. ಬಿಸಿಲಲ್ಲಿ ಒಂದೇ ದಿನದಲ್ಲಿ ಅದು ಕ್ಲಿಯರಿಗೆ ಕಲೆ ಕೊರೆಯುತ್ತದೆ. ಬೇವಿನ ನೆರಳು ಬಿಸಿಲಿಗಿಂತ ಒಳ್ಳೆಯದೇ, ಆದರೆ ಅಂಟು ಮತ್ತು ಹಕ್ಕಿಗಳನ್ನು ವಾರಕ್ಕೊಮ್ಮೆ ತೊಳೆದು ಸರಿದೂಗಿಸಬೇಕು. ಕವರ್ ಹಾಕುವವರು ಧೂಳಿನ ಗಾಡಿಯ ಮೇಲೆ ಹಾಕಬೇಡಿ. ಗಾಳಿಗೆ ಕವರ್ ಬಡಿದಾಡಿ ಅದೇ ಧೂಳಿನಿಂದ ಉಜ್ಜುತ್ತದೆ. ಸಾಧ್ಯವಿದ್ದರೆ ನಾಲ್ಕು ಕಂಬ, ಒಂದು ಹಸಿರು ಶೇಡ್ ನೆಟ್ ಹಾಕಿಸಿ. ಬಣ್ಣಕ್ಕೆ ಅದಕ್ಕಿಂತ ಅಗ್ಗದ ರಕ್ಷಣೆ ಇನ್ನೊಂದಿಲ್ಲ.

ಪಾಲಿಶ್ಶನ್ನು ಪದೇಪದೇ ಮಾಡಬೇಡಿ, ಪ್ರತಿ ಸಲವೂ ಸ್ವಲ್ಪ ಬಣ್ಣ ಹೋಗುತ್ತದೆ. ವ್ಯಾಕ್ಸ್ ಎಷ್ಟು ಸಲವಾದರೂ ಹಚ್ಚಿ. ತೊಳೆದ ಮೇಲೆ ಬಾನೆಟ್ ಮೇಲೆ ನೀರು ಚಿಮುಕಿಸಿ ನೋಡಿ. ಹನಿ ದುಂಡಗೆ ನಿಂತರೆ ವ್ಯಾಕ್ಸ್ ಇನ್ನೂ ಇದೆ. ಚಪ್ಪಟೆಯಾಗಿ ಹರಡಿಕೊಂಡರೆ ಮತ್ತೆ ಹಚ್ಚಿ. ಮಾರ್ಚ್ ಶುರುವಾಗುವ ಮುಂಚೆ ಒಂದು ಸಲ ಹಚ್ಚುವುದನ್ನಂತೂ ತಪ್ಪಿಸಬೇಡಿ.